ಟೀಚರಮ್ಮ, ಬಾವಿಗಿಳಿಯಿರಿ

ಕೆಲಸದವರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವ ವಿದ್ಯೆ ನಮ್ಮ ವಿಧಾನಸೌಧಕ್ಕೆ ಗೊತ್ತಿಲ್ಲ ಎನ್ನುವವರ ಬಾಯಿಗೆ ಬೀಗ ಹಾಕಬೇಕು. 2025ರ ಫೆಬ್ರುವರಿಯಲ್ಲಿ, ಊಟವಾದ ಮೇಲೆ ಮಾಯವಾಗುವ ಶಾಸಕರನ್ನು ಹಿಡಿದಿಡಲು ಸ್ಪೀಕರ್ ಯು.ಟಿ. ಖಾದರ್ ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸಲು ಹೊರಟರು. ಮಾರ್ಚ್ 21ರಂದು ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷಕ್ಕೆ ಜಿಗಿಯಿತು. ಚರ್ಚೆಗೆ ಎಲ್ಲಿ ಪುರುಸೊತ್ತು? ಸದನದಲ್ಲಿ ಅಂದು ಕಾಗದ ಹಾರಾಡುತ್ತಿತ್ತು. 18 ಶಾಸಕರನ್ನು ಅಮಾನತು ಮಾಡಿ ಮಾರ್ಷಲ್‌ಗಳು ಎತ್ತಿ ಹೊರಗಿಟ್ಟರು. ಹೆಚ್ಚಿದ ಸಂಬಳ ಅವರನ್ನೂ ಬಿಡಲಿಲ್ಲ.

ಅದಕ್ಕೆ ಎರಡು ವಾರ ಮೊದಲು ಬಜೆಟ್ಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ತಿಂಗಳಿಗೆ 1,000, ಸಹಾಯಕಿಗೆ 750 ರೂಪಾಯಿ ಏರಿತ್ತು. 2023ರ ಚುನಾವಣೆಯಲ್ಲಿ 15,000 ಕೊಡುತ್ತೇವೆಂದ ಕಾಂಗ್ರೆಸ್ಸಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ಅವಸರವಿಲ್ಲ, ಅಷ್ಟೆ. ದಿಲ್ಲಿಗೆ ಅಷ್ಟೂ ಅವಸರವಿಲ್ಲ. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಯ ಬೆಲೆ 2018ರ ಅಕ್ಟೋಬರ್‌ನಲ್ಲಿ 3,000ದಿಂದ 4,500ಕ್ಕೆ ಏರಿತು. 2025ರಲ್ಲೂ ಅದೇ 4,500. ಚಿನ್ನದಂಗಡಿಯವರು ಕಲಿಯಬೇಕಾದ ಸ್ಥಿರತೆ!

ಅಂಗನವಾಡಿ ಟೀಚರು ಸರ್ಕಾರದವರೋ ಅಲ್ಲವೋ? ಕೆಲಸ ಯಾವುದೆಂದು ಮೊದಲು ಹೇಳಿ. ಪೋಲಿಯೊ ಹನಿ, ಮತದಾರರ ಪಟ್ಟಿ, ಮನೆಮನೆ ಸರ್ವೆ ಬಂದರೆ ಪಕ್ಕಾ ಸರ್ಕಾರ. ಸಂಬಳ, ಪಿಂಚಣಿ ಎಂದರೆ ಊರಿನ ಸೇವೆಗೆ ತಾನಾಗಿ ಬಂದ ಹೆಣ್ಣುಮಗಳು. ಇದು ಸರ್ಕಾರಿ ಹುದ್ದೆಯೇ ಅಲ್ಲವೆಂದು ಸುಪ್ರೀಂ ಕೋರ್ಟಿನಿಂದ 2006ರಲ್ಲಿ ಹೇಳಿಸಿಕೊಂಡು ಬಂದದ್ದು ನಮ್ಮದೇ ರಾಜ್ಯ. 1975ರ ಗಾಂಧಿ ಜಯಂತಿಯಂದು ಟಿ. ನರಸೀಪುರದಲ್ಲಿ ನೂರು ಕೇಂದ್ರಗಳಿಂದ ಅಂಗನವಾಡಿ ಯೋಜನೆ ಶುರುಮಾಡಿದ ರಾಜ್ಯವೂ ಇದೇ. ಗ್ರಾಚ್ಯುಟಿಗೆ ಅವರು ಅರ್ಹರೆಂದು ಅದೇ ಕೋರ್ಟು ಹೇಳುವ ಹೊತ್ತಿಗೆ 2022 ಬಂದಿತ್ತು. ಅಷ್ಟರಲ್ಲಿ ಎಷ್ಟೋ ಜನ ಶಾಲು, ಹಾರ, ಒಂದು ಗೋಡೆ ಗಡಿಯಾರದೊಂದಿಗೆ ಮನೆ ಸೇರಿದ್ದರು.

ಇನ್ನು ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆಪ್. ಮನೆಗೊಯ್ಯುವ ರೇಷನ್ ಬೇಕೆಂದರೆ ತಾಯಿಯ ಮುಖ ಆಪಿಗೆ ಒಪ್ಪಿಗೆಯಾಗಬೇಕು. ಟೀಚರು ಫೋನನ್ನು ಬಾಣಂತಿಯ ಮುಖಕ್ಕೆ ಹಿಡಿದು "ಕಣ್ಣು ಮಿಟುಕಿಸವ್ವ" ಎನ್ನುತ್ತಾರೆ. ಅವಳು ಮಿಟುಕಿಸುತ್ತಾಳೆ, ನೆಟ್‌ವರ್ಕ್ ಮಿಟುಕಿಸುವುದಿಲ್ಲ. ಇಬ್ಬರೂ ಸಿಗ್ನಲ್ ಹುಡುಕಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗುತ್ತಾರೆ. ಒಳಗೆ ಎರಡು ಮಕ್ಕಳು ಒಂದೇ ಸ್ಲೇಟಿಗೆ ಜಗ್ಗಾಡುತ್ತವೆ, ಮೂರನೆಯದು ಚಡ್ಡಿ ಒದ್ದೆ ಮಾಡಿಕೊಂಡು ನಿಂತಿದೆ. ಸಹಾಯಕಿಯ ಹುದ್ದೆ ಖಾಲಿಯಿದ್ದರೆ ಒಲೆಯ ಮೇಲಿನ ಅನ್ನವನ್ನೂ ಟೀಚರೇ ನೋಡಬೇಕು. ಮೊಟ್ಟೆಯ ದರ ಏರಿದರೆ ಕೈಯಿಂದ ಹಾಕಿ ತರಬೇಕು. ಪಕ್ಕದೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪಿಎಫ್ ಕೊಡುತ್ತಾರಂತೆ ಎಂದು ಹೊಸ ಹುಡುಗಿ ಹೊರಟರೆ, ಇಲಾಖೆಗೆ ಆಶ್ಚರ್ಯ: ಈಗಿನವರಿಗೆ ಸೇವಾಭಾವವೇ ಇಲ್ಲ!

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಬಳಿ ಸಂಬಳ ಹೆಚ್ಚಿಸಿರೆಂದು ಸಾವಿರಾರು ಜನ ರಾತ್ರಿ ರಸ್ತೆಯಲ್ಲೇ ಮಲಗಿದಿರಿ. ಟೀಚರಮ್ಮ, ವಿಳಾಸವೇ ತಪ್ಪಾಯಿತು. ಮುಂದಿನ ಸಲ ನೇರ ಸದನದ ಬಾವಿಗಿಳಿಯಿರಿ, ಸಿಕ್ಕ ಕಾಗದ ಹರಿದು ತೂರಿ. ಮಾರ್ಷಲ್‌ಗಳು ಎತ್ತಿ ಹೊರಗಿಡುವಷ್ಟರಲ್ಲಿ ಸಂಬಳ ದುಪ್ಪಟ್ಟಾಗಿರುತ್ತದೆ, ಪೂರ್ವನಿದರ್ಶನವಿದೆ. ಅಲ್ಲಿಯವರೆಗೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬ ಚಿಂತೆ ಬೇಡ. ಅಧಿವೇಶನವಿಲ್ಲದ ದಿನ 224 ಮಂದಿ ಬಿಡುವಾಗಿರುತ್ತಾರೆ, ಕೇಂದ್ರದ ಬೀಗದ ಕೈ ಅವರಿಗೇ ಕೊಟ್ಟು ಬನ್ನಿ. ಮೊಟ್ಟೆಯ ದುಡ್ಡನ್ನು ಸದ್ಯಕ್ಕೆ ಅವರೇ ಹಾಕಿಕೊಳ್ಳಲಿ, ಬಿಲ್ ಆಮೇಲೆ ನೋಡೋಣ.