ಬೇಸಿಗೆಯ ಬಾಡಿಗೆದಾರರು

ಏಪ್ರಿಲ್ ಬಂತೆಂದರೆ ಮುಳಬಾಗಿಲು ಸೀಮೆಯ ಮಾವಿನ ತೋಪಿನ ಮನೆಗಳಿಗೆ ಯಜಮಾನರೇ ಬದಲಾಗುತ್ತಾರೆ.

ಬೆಳಗಿನ ಜಾವ ಗಂಡು ಕೋಗಿಲೆ ಕೂಗಿ ಊರನ್ನೆಲ್ಲ ಎಬ್ಬಿಸುತ್ತದೆ. ಹೆಣ್ಣು ಕೋಗಿಲೆಯೋ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಬಾಣಂತನದ ಖರ್ಚು ಉಳಿಸುತ್ತದೆ. ಬೇಲಿಯ ಮೇಲೆ ಗಂಡು ಓತಿಕ್ಯಾತ ಕತ್ತು ಕೆಂಪಗೆ ಮಾಡಿಕೊಂಡು ದಂಡ ಹೊಡೆಯುತ್ತದೆ, ಪ್ರೇಕ್ಷಕಿ ಬರಲಿ ಬಿಡಲಿ. ಕೋತಿಗಳೋ, ಒಂದು ಕಾಯಿ ಕಚ್ಚಿ, ಹುಳಿಯೆಂದು ಎಸೆದು, ಮುಂದಿನದಕ್ಕೆ ಕೈಚಾಚುವ ಸಂಬಳವಿಲ್ಲದ ಪರೀಕ್ಷಕರು.

ಕತ್ತಲಾದರೆ ಬಾವಲಿಗಳ ಪಾಳಿ. ಇದೇ ತಾಲ್ಲೂಕಿನ ಹನುಮನಹಳ್ಳಿಯ ಬಂಡೆಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ವಾಸವಾಗಿದೆ. 1994ರಲ್ಲಷ್ಟೇ ವಿಜ್ಞಾನಿಗಳು ಹೆಸರಿಟ್ಟ ಈ ಜೀವಿ ಕೋಲಾರ ಜಿಲ್ಲೆಯ ಹೊರಗೆ ಜಗತ್ತಿನಲ್ಲೆಲ್ಲೂ ಸಿಕ್ಕಿಲ್ಲ, ಅಳಿವಿನಂಚಿನಲ್ಲಿದೆ. ಇಷ್ಟಾದರೂ ಮಾವು ಕದ್ದ ಆರೋಪ ಇದರ ತಲೆಗೂ ಬರುತ್ತದೆ. ಪಾಪ, ಇದು ತಿನ್ನುವುದು ಬರೀ ಹುಳುಹುಪ್ಪಟೆ. ಹಣ್ಣಿಗೆ ಬಾಯಿ ಹಾಕುವವನು ಇದರ ದೊಡ್ಡ ರೆಕ್ಕೆಯ ದಾಯಾದಿ!