ಹೆಡ್ ಬೋಲ್ಟಿನ ಪಂಚಾಯ್ತಿ

“ಮಾಸ್ತರ್ರೀ, ಹಳೇ ಬೋಲ್ಟ ನಡೀತಾವೋ, ಹೊಸಾವು ತರಬೇಕೋ? ಒಂದೇ ಮಾತಿನಾಗ ಹೇಳಿಬಿಡ್ರಿ.”

ಕಲಬುರಗಿಯಲ್ಲಿ ಒಂದೇ ಮಾತಿನಲ್ಲಿ ಮುಗಿದ ಪಂಚಾಯ್ತಿಯನ್ನು ನಾನಂತೂ ಕಂಡಿಲ್ಲ. ನನ್ನ ಮನೆಗೂ ಪಕ್ಕದ ಸಾವಕಾರರ ಮನೆಗೂ ನಡುವೆ ಎದೆಮಟ್ಟದ ಗೋಡೆ, ಅದರ ತಲೆಗೆ ಶಹಾಬಾದ್ ಪರ್ಸಿ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಅಂಗೈ ಊರುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಅದೇ ನಮ್ಮ ಕಟ್ಟೆ, ಅದೇ ನಮ್ಮ ಕಚೇರಿ. ಇವತ್ತು ಅದರ ಮೇಲೆ ಹಳೇ ಪೇಪರು ಹಾಸಿ, ಎಣ್ಣೆ ಮೆತ್ತಿದ ಹತ್ತು ಬೋಲ್ಟುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಒಳಗಿನಿಂದ ವೈನಿ ಕೂಗಿದರು: “ಆ ಪರ್ಸಿ ಮ್ಯಾಲ ನಾಳಿ ಶಂಡಿಗಿ ಹಾಕೋದದ. ಎಣ್ಣಿ ಚೆಲ್ಲಿದ್ರ ನೋಡ್ರಿ ಮತ್ತ!”

ಸಂಗತಿ ಇಷ್ಟು. ಸಾವಕಾರರ ಹೊಲ ಇರುವುದು ಕಮಲಾಪುರದಲ್ಲಿ, ಹುಮನಾಬಾದ್ ರಸ್ತೆ ಹಿಡಿದರೆ 35 ಕಿ.ಮೀ. ಆಚೀಚೆ. ಕೆಂಪು ಬಾಳೆಯ ಊರು ಅದು. ಆ ಬಾಳೆಗೆ ಜಿಐ ಗುರುತು ಸಿಕ್ಕ ಮೇಲೆ ಇವರ ಮೀಸೆಯೂ ತುಸು ಮೇಲಕ್ಕೆ ತಿರುಗಿದೆ. ಮೊನ್ನೆ ಗೊನೆ ಹೇರಿಕೊಂಡು ಬರುತ್ತಿದ್ದ ಇವರ ಪಿಕಪ್ಪು ಮಹಾಗಾಂವ್ ಕ್ರಾಸ್ ದಾಟುವಷ್ಟರಲ್ಲಿ ಕಾದು ನಿಂತುಬಿಟ್ಟಿತು. ಡ್ರೈವರ್ ಹುಡುಗ ಮುಳ್ಳು ನೋಡುವವನಲ್ಲ, ಮೊಬೈಲ್ ನೋಡುವವನು. 42 ಡಿಗ್ರಿ ಬಿಸಿಲು, ತೂಕ ಮೀರಿದ ಲೋಡು, ಸಾಲದ್ದಕ್ಕೆ ರೇಡಿಯೇಟರಿಗೆ ವರ್ಷಗಟ್ಟಲೆ ಸುರಿದ ಬೋರಿನ ಉಪ್ಪುನೀರು. ಒಳಗೆ ಸುಣ್ಣ ಕಟ್ಟಿ ನೀರು ಓಡಾಡಲು ದಾರಿಯೇ ಇಲ್ಲ. ಹೆಡ್ ಗ್ಯಾಸ್ಕೆಟ್ ಹೋಯಿತು, ನೀರು ಎಂಜಿನ್ ಆಯಿಲ್‌ಗೆ ಇಳಿಯಿತು, ಸೈಲೆನ್ಸರಿನಿಂದ ಬಿಳಿ ಹೊಗೆ. ಈಗ ಹೆಡ್ಡು ಲೇಥಿನವನ ಹತ್ತಿರ ಫೇಸಿಂಗಿಗೆ ಹೋಗಿದೆ.

“ಮಿಸ್ತ್ರಿ ಏನಂತಾನ್ರಿ?”

“ಬೋಲ್ಟಿಗಿ ಏನೂ ಆಗಿಲ್ಲಂತ. ಬ್ರಶ್ ಹೊಡದು ಹಾಕ್ತಾನಂತ. ನೋಡ್ರಿ, ತಲಿ ಮ್ಯಾಲ 10.9 ಅಂತ ಬರದದ. ಗಟ್ಟಿ ಮಾಲು.”

ಗಟ್ಟಿ ಮಾಲು ಹೌದು. 10.9 ಎಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್ ಎಳೆತ ಬಿದ್ದಾಗ ಹರಿಯುತ್ತದೆ. ಅದರ ನೂರಕ್ಕೆ 90ರಷ್ಟು ಎಳೆದಾಗಲೇ ಕಾಯಂ ಉದ್ದವಾಗತೊಡಗುತ್ತದೆ. ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಇದನ್ನೇ ಪಾಠ ಮಾಡಿ ನಿವೃತ್ತನಾದವನು ನಾನು. ಹುಡುಗರು ಮೊದಲನೇ ಅಂಕಿ ಬಾಯಿಪಾಠ ಮಾಡುತ್ತಿದ್ದರು, ಎರಡನೆಯದನ್ನು ಪರೀಕ್ಷೆ ಮುಗಿದ ಸಂಜೆಗೇ ಮರೆಯುತ್ತಿದ್ದರು. ಹೆಡ್ ಬೋಲ್ಟಿನ ಜಾತಕ ಇರುವುದೇ ಆ ಎರಡನೆಯ ಅಂಕಿಯಲ್ಲಿ.

“ಸಾವಕಾರ್ರ, ಬೋಲ್ಟ ಬಿಗಿ ಮಾಡೋದು ಅಂದ್ರ ಏನ್ರಿ?”

“ತಿರುವೋದು.”

“ಅಲ್ಲ, ಎಳಿಯೋದು. ಪಾನಾ ಹಾಕಿ ತಿರುವಿದಾಂಗ ಬೋಲ್ಟ ಕೂದಲೆಳಿಯಷ್ಟು ಉದ್ದ ಆಗ್ತದ. ಉದ್ದ ಆದದ್ದು ವಾಪಸ್ ಗಿಡ್ಡ ಆಗ್ಲಿಕ್ಕ ಜಗ್ಗತದಲ್ಲ, ಆ ಜಗ್ಗಾಟನೇ ಹೆಡ್ಡನ್ನ ಹಿಡದಿರ್ತದ.”

ಇಷ್ಟೆಳೆದರೆ ಇಷ್ಟೇ ಹಿಗ್ಗುತ್ತದೆ ಎಂಬ ಲೆಕ್ಕವನ್ನು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟ. ಆದರೆ ಮಿತಿ ದಾಟಿ ಎಳೆದರೆ ಹುಕ್‌ನ ಲೆಕ್ಕ ಅಲ್ಲಿಗೆ ಮುಗಿಯಿತು. ಲೋಹ ಮೊದಲಿನ ಅಳತೆಗೆ ಮರಳುವುದಿಲ್ಲ. ಹಳೇ ಚಡ್ಡಿಯ ಇಲಾಸ್ಟಿಕ್ ನೋಡಿ, ಹರಿದಿರುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ, ನಂಬಿ ಬಸ್ ಸ್ಟ್ಯಾಂಡಿಗೆ ಹೋಗುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಸಾವಕಾರರು ನಕ್ಕರು. ಒಳಗೆ ವೈನಿಯೂ ನಕ್ಕ ಸದ್ದು.

“ಅದಕ್ಕೇ ಟಾರ್ಕ್ ಪಾನಾ ಇರೋದಲ್ರಿ? ಮಿಸ್ತ್ರಿ ಕಡಿ ಅದ ಅದು. ಕಟಕ್ ಅಂತದ.”

ಅನ್ನುತ್ತದೆ. ಆದರೆ ಆ ಕಟಕ್ಕನ್ನು ನಾನು ಅರ್ಧವಷ್ಟೇ ನಂಬುವವನು. ಪಾನಾಕ್ಕೆ ಹಾಕಿದ ಬಲದಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಉಳಿದದ್ದೆಲ್ಲ ತಲೆಯ ಕೆಳಗಿನ ತಿಕ್ಕಾಟಕ್ಕೂ ಮರೆಯ ತಿಕ್ಕಾಟಕ್ಕೂ ಖರ್ಚು. ಮರೆಯಲ್ಲಿ ತುಕ್ಕಿದ್ದರೆ ಪಾನಾ ಬೇಗ ಕಟಕ್ ಅನ್ನುತ್ತದೆ, ಬೋಲ್ಟು ಎಳೆದೇ ಇರುವುದಿಲ್ಲ. ಎಣ್ಣೆ ಹೆಚ್ಚಾದರೆ ಉಲ್ಟಾ. ಈ ತಾಪತ್ರಯ ಬೇಡವೆಂದೇ ಎಂಜಿನ್ ಮಾಡುವವರು ಬೇರೆ ದಾರಿ ಹುಡುಕಿದರು: ಮೊದಲು ಹಗುರವಾಗಿ ಟಾರ್ಕ್, ಆಮೇಲೆ ಟಾರ್ಕ್ ಮರೆತು ಇಂತಿಷ್ಟು ಡಿಗ್ರಿ ತಿರುವು. ಕೋನಕ್ಕೆ ತಿಕ್ಕಾಟದ ಹಂಗಿಲ್ಲ. ಹೀಗೆ ತಿರುವಿದಾಗ ಎಷ್ಟೋ ಎಂಜಿನ್‌ಗಳಲ್ಲಿ ಬೋಲ್ಟು ಬೇಕೆಂದೇ ಆ ಎರಡನೆಯ ಅಂಕಿಯ ಗೆರೆ ದಾಟುತ್ತದೆ. ಗೆರೆ ದಾಟಿದ ಮೇಲೆ ತುಸು ಹೆಚ್ಚುಕಡಿಮೆ ಎಳೆದರೂ ಬಿಗಿ ಹೆಚ್ಚೇನೂ ಬದಲಾಗುವುದಿಲ್ಲ, ಹತ್ತೂ ಬೋಲ್ಟಿಗೆ ಒಂದೇ ಸಮ ಹಿಡಿತ. ಒಳ್ಳೇ ಉಪಾಯ. ಆದರೆ ಬೋಲ್ಟಿನ ಆಯುಷ್ಯವೂ ಅಲ್ಲಿಗೇ ಖರ್ಚಾಯಿತು.

“ಇಷ್ಟ್ಯಾಕ ಬೇಕಿತ್ರಿ ಅವರಿಗಿ? ಮೊದಲಿನ ಗಾಡಿಗೊಳು ನಡೀತಿದ್ದಿಲ್ಲೇನು?”

“ಮೊದಲ ಹೆಡ್ಡು ಬೀಡು ಕಬ್ಬಿಣದ್ದು, ಬ್ಲಾಕೂ ಅದೇ. ಕಾಯ್ದರ ಎರಡೂ ಒಂದೇ ಸಮ ಹಿಗ್ತಿದ್ವು. ನಿಮ್ಮ ಪಿಕಪ್ಪಿನ ಹೆಡ್ಡು ಅಲ್ಯೂಮಿನಿಯಂ. ಕಬ್ಬಿಣದ ಎರಡು ಪಟ್ಟು ಹಿಗ್ತದ ಅದು. ಬೋಲ್ಟ ಮಾತ್ರ ಉಕ್ಕಿಂದು. ಎಂಜಿನ್ ಕಾಯ್ದಾಗೆಲ್ಲಾ ಹೆಡ್ಡು ಬೋಲ್ಟಿಗಿ ಮತ್ತಷ್ಟು ಜಗ್ತದ. ಅದರ ಮ್ಯಾಲ ಟರ್ಬೋ ಡೀಸೆಲ್ಲು, ಒಳಗಿನ ಒತ್ತಡ ನೂರು ಬಾರ್ ದಾಟ್ತದ. ನಿಮ್ಮ ಹುಡುಗ ಮೊನ್ನಿ ಕುದಿಸಿದ್ನಲ್ಲ, ಅವತ್ತ ಈ ಬೋಲ್ಟ ಎಷ್ಟು ನರಳ್ಯಾವೋ.”

ಸಾವಕಾರರು ಸುಲಭಕ್ಕೆ ಸೋಲುವವರಲ್ಲ. ತೊಗರಿ ಮಾರುವಾಗ ಕಾಳು ಕಡಿದು ನೋಡುವ ಮನುಷ್ಯ. “ಬಾಯಿಮಾತು ಬ್ಯಾಡ, ತೋರಸ್ರಿ” ಅಂದರು. ನಾನು ಒಳಗೆ ಹೋಗಿ ವರ್ನಿಯರ್ ಕ್ಯಾಲಿಪರ್ ತಂದೆ. ಹತ್ತೂ ಬೋಲ್ಟು ಒಂದೇ ಅಳತೆಯವು. ತಲೆಯ ಕೆಳಗಿನಿಂದ ತುದಿಯವರೆಗೆ ಅಳೆದರೆ ಎರಡು ಮಾತ್ರ ಉಳಿದವಕ್ಕಿಂತ ಉದ್ದ. ಅಷ್ಟಕ್ಕೂ ಅವರಿಗೆ ಸಮಾಧಾನವಿಲ್ಲ. ಅದೇ ಮರೆಯ ಹೊಸ ನಟ್ಟು ಕೊಟ್ಟು, ಕೈಯಿಂದಲೇ ತಿರುವಿಕೊಂಡು ಹೋಗಿ ಅಂದೆ. ಎಂಟರಲ್ಲಿ ಸಲೀಸಾಗಿ ಓಡಿತು. ಉದ್ದನೆಯ ಎರಡರಲ್ಲಿ ನಾಲ್ಕು ಸುತ್ತು ಹೋಗಿ ಕಚ್ಚಿಕೊಂಡಿತು. ಮರೆಗಳ ನಡುವಿನ ಅಂತರ ಹಿಗ್ಗಿದರೆ ನಟ್ಟು ಹೀಗೆಯೇ ನಿಲ್ಲುವುದು. ಒಂದರ ಸೊಂಟ ಬೇರೆ ಸಣ್ಣಗಾಗಿತ್ತು. ಬೆಳಕಿಗೆ ಹಿಡಿದು ಸ್ಕೇಲು ಒತ್ತಿದರೆ ಸಂದಿ ಕಾಣುತ್ತದೆ.

“ಹಂಗಾದ್ರ ಎರಡೇ ಹೊಸಾವು ತಂದ್ರಾತು. ಎಂಟು ಪಾಸ್ ಆಗ್ಯಾವಲ್ಲ!”

ಇದೇ ನೋಡಿ ನಮ್ಮ ಕಡೆಯ ವ್ಯಾಪಾರಿ ಬುದ್ಧಿ. ಎರಡು ಹೊಸ, ಎಂಟು ಹಳೆಯ ಬೋಲ್ಟು ಹಾಕಿದರೆ ಹಿಡಿತ ಒಂದೊಂದು ಕಡೆ ಒಂದೊಂದು ಥರ. ಗ್ಯಾಸ್ಕೆಟ್ ಸಡಿಲಿದ್ದ ಕಡೆಯೇ ಬಾಯಿ ಬಿಡುತ್ತದೆ. ಪುಸ್ತಕದಲ್ಲಿ ಹೊಸದು ಹಾಕು ಎಂದಿದ್ದರೆ ಹತ್ತೂ ಹೊಸದು, ಮುಗಿಯಿತು. ಹೆಡ್ ಇಳಿಸುವ ಏರಿಸುವ ಕೂಲಿ, ಫೇಸಿಂಗು, ಗ್ಯಾಸ್ಕೆಟ್ಟು, ಹೊಸ ಆಯಿಲು, ಗಾಡಿ ನಿಂತಷ್ಟು ದಿನ ಕೊಳೆಯುವ ಬಾಳೆ, ಇವೆಲ್ಲದರ ಮುಂದೆ ಬೋಲ್ಟಿನ ಸೆಟ್ಟು ಚಿಲ್ಲರೆ ಹಣ. ಹಾಗಂತ ಎಲ್ಲ ಎಂಜಿನ್ನಿಗೂ ಒಂದೇ ಕಾನೂನು ಎನ್ನುವವನೂ ನಾನಲ್ಲ. ಕೆಲವು ದೊಡ್ಡ ಲಾರಿಗಳ ಪುಸ್ತಕದಲ್ಲಿ ಬಿಚ್ಚಿದಾಗೊಮ್ಮೆ ಬೋಲ್ಟಿನ ತಲೆಗೆ ಒಂದು ಪಂಚ್ ಗುರುತು ಹೊಡೆಯಿರಿ, ಗುರುತು ಇಷ್ಟಾದ ಮೇಲೆ ಬಿಸಾಡಿರಿ ಎಂದಿರುತ್ತದೆ. ಇನ್ನು ಕೆಲವರು ಉದ್ದದ ಮಿತಿ ಕೊಟ್ಟಿರುತ್ತಾರೆ. ಅಂಥಲ್ಲಿ ಕಣ್ಣುಮುಚ್ಚಿ ಹೊಸದು ಕೊಳ್ಳಿ ಎನ್ನುವವನು ಮಿಸ್ತ್ರಿಯಲ್ಲ, ಅಂಗಡಿಯವನ ಬೀಗ.

“ಕಮಲಾಪುರದ ಬಾವಿ ಎಂಜಿನ್ನಿಗೂ ಹೆಡ್ ಬಿಚ್ಚೀವಿ. ಅಳಿಯ ಅದಕ್ಕೂ ಹೊಸಾವು ಬೇಕು ಅಂತ ಕುಂತಾನ.”

“ಅದು ಹಳೇ ಕಿರ್ಲೋಸ್ಕರ್ ಅಲ್ರಿ? ಸ್ಟಡ್ಡು, ನಟ್ಟು. ಬರೇ ಟಾರ್ಕಿನ ಲೆಕ್ಕ, ಡಿಗ್ರಿ ಗಿಗ್ರಿ ಇಲ್ಲ. ಗೆರಿ ದಾಟೋ ಹಂಗ ಅದನ್ನ ಎಳಿಯೋದೇ ಇಲ್ಲ. ತುಕ್ಕು ತಿಂದಿಲ್ಲ, ಮರಿ ಹೋಗಿಲ್ಲ ಅಂದ್ರ ವೈರ್ ಬ್ರಶ್ ಹೊಡದು ಆರಾಮ ಹಾಕ್ರಿ. ಪೈಪ್ ಸಿಗಿಸಿ ಜೋತು ಬೀಳಬ್ಯಾಡಂತ ಅಳಿಯಗ ಹೇಳ್ರಿ, ಅಷ್ಟೇ.”

ಕಿರ್ಲೋಸ್ಕರ್ ಎಂದಾಗಲೆಲ್ಲ ನನಗೆ ಲಕ್ಷ್ಮಣರಾಯರು ನೆನಪಾಗುತ್ತಾರೆ. 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರ ಕಬ್ಬಿಣದ ನೇಗಿಲನ್ನು ಮೊದಮೊದಲು ರೈತರು ಮುಟ್ಟಲಿಲ್ಲವಂತೆ, ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು. ಆಗ ಕಬ್ಬಿಣವೆಂದರೆ ಅಷ್ಟು ಗುಮಾನಿ. ಈಗ ನಮ್ಮ ಸಾವಕಾರರಿಗೆ ಅದರ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ.

ಕಡೆಗೆ ಒಪ್ಪಿದರು. ಪಿಕಪ್ಪಿಗೆ ಹೊಸದು, ಬಾವಿ ಎಂಜಿನ್ನಿಗೆ ಹಳೆಯದೇ. ಒಪ್ಪಿದವರಿಗೆ ಎಚ್ಚರಿಕೆಯನ್ನೂ ಹೇಳಬೇಕಲ್ಲ: ಡೂಪ್ಲಿಕೇಟ್ ಸೆಟ್ಟು ತಂದರೆ ಹಳೆಯದೇ ಮೇಲು, ಕಂಪನಿ ಡಬ್ಬಿಯನ್ನೇ ತನ್ನಿ. ಬ್ಲಾಕಿನ ತೂತುಗಳಲ್ಲಿ ನೀರು, ಎಣ್ಣೆ ನಿಂತಿದ್ದರೆ ಏರ್ ಹೊಡೆಸಿ ಒಣಗಿಸಿ. ದ್ರವ ಕುಗ್ಗುವುದಿಲ್ಲ, ಬೋಲ್ಟು ಇಳಿದರೆ ಬ್ಲಾಕೇ ಸೀಳುತ್ತದೆ. ಬಿಗಿ ಮಾಡುವಾಗ ನಡುವಿನಿಂದ ಅಂಚಿಗೆ, ಹಂತ ಹಂತವಾಗಿ. ಮುಖ್ಯವಾಗಿ, ಆ ರೇಡಿಯೇಟರ್ ತೊಳೆಸದೆ ಹೊಸ ಬೋಲ್ಟು ಹಾಕಿದರೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಇದೇ ಗೋಡೆ, ಇದೇ ಮಾತು.

“ಈ ಹಳೇವು ಗುಜರಿಗಿ ಹಾಕ್ಲೇನು?”

“ಹಂಗೇ ಹಾಕಬ್ಯಾಡ್ರಿ. ಯಾರರೆ ತೊಳದು, ಬಣ್ಣ ಹೊಡದು ಮತ್ತ ಮಾರ್ತಾರ. ಲೇಥಿನವನ ಕಡಿಂದ ಕತ್ತರಿಸಿ ಹಾಕ್ರಿ.”

ಸಾವಕಾರರು ಸೊಂಟ ಸಣ್ಣಗಾದ ಬೋಲ್ಟನ್ನು ಎತ್ತಿ ಅಂಗಿ ಕಿಸೆಗೆ ಇಳಿಬಿಟ್ಟರು. “ಇದೊಂದು ಇರಲಿ. ನಾಳಿ ಮಿಸ್ತ್ರಿ ಮುಂದ ಇಡ್ತೀನಿ. ಆ ವರ್ನಿಯರೂ ಕೊಡ್ರಿ, ಅಳದೇ ತೋರಸ್ತೀನಿ ಅವಗ.”

“ಬೋಲ್ಟ ಒಯ್ರಿ ಸಾವಕಾರ್ರ. ವರ್ನಿಯರ್ ಈ ಗೋಡಿ ದಾಟಂಗಿಲ್ಲ.”