ಅರ್ಧ ತೊಟ್ಟಿನ ಲೆಕ್ಕ

ತೆಂಗಿನ ಮರ ಯಾರ ಮಾತನ್ನೂ ಕೇಳುವುದಿಲ್ಲ. ಬೇಸಿಗೆಯಲ್ಲಿ ನೀರನ್ನು ಮಾತ್ರ ಕೇಳುತ್ತದೆ. ಹುಳಿಯಾರು, ಕೆಂಕೆರೆ, ಯಳನಡು ಕಡೆಯ ತೋಟಗಳಿಗೆ ಬೋರ್‌ವೆಲ್ಲೂ ತ್ರೀಫೇಸ್ ಕರೆಂಟೂ ಬರುವ ಮೊದಲು ಹಾಗೆ ಕೇಳಿದಾಗ ಕೊಡುತ್ತಿದ್ದದ್ದು ಬಾವಿಯ ಡೀಸೆಲ್ ಎಂಜಿನ್. ಪಂಪು ಸುಮಾರು 25 ಅಡಿಗಿಂತ ಆಳದ ನೀರನ್ನು ಹೀರಲಾರದು. ಹೀಗಾಗಿ ನೀರು ಇಳಿದಂತೆಲ್ಲ ಎಂಜಿನ್ನಿಗೂ ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಬೇಕಿತ್ತು. ಇಳಿಸುವಾಗ ಹಗ್ಗ ಹಿಡಿದವರು ನಾಲ್ಕು ಜನ, ಸಲಹೆ ಕೊಡುವವರು ಹದಿನಾಲ್ಕು ಜನ.

ಈ ಎಂಜಿನ್ನಿಗೆ ಪ್ಲಗ್ಗಿಲ್ಲ, ಕಿಡಿಯಿಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಸರಿಯಾಗಿ ಆ ಹೊತ್ತಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇದನ್ನು ಓಡಿಸಿ ತೋರಿಸಿದ. ಆದರೆ ಎಣ್ಣೆಯನ್ನು ಒಳಗೆ ಊದುವುದಕ್ಕೆ ಅವನಿಗೆ ಗಾಳಿಯ ಕಂಪ್ರೆಸರ್ ಬೇರೆ ಬೇಕಿತ್ತು. ಅದನ್ನೂ ಬಾವಿಗಿಳಿಸು ಎಂದಿದ್ದರೆ ನಮ್ಮವರು ಏತಕ್ಕೇ ಮರಳುತ್ತಿದ್ದರು. ಬಾಷ್ ಕಂಪನಿ 1927ರಲ್ಲಿ ಪುಟ್ಟ ಇಂಜೆಕ್ಷನ್ ಪಂಪುಗಳನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿದ ಮೇಲೆ ಆ ತಾಪತ್ರಯ ತಪ್ಪಿತು. 1951ರಲ್ಲಿ ಶುರುವಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಅಂಥವನ್ನೇ ಮಾಡಿತು. ನಮ್ಮ ಕಡೆ ‘ಮೈಕೋ ಪಂಪು’ ಅಂದರೆ ಸಾಕು, ಬೇರೆ ವಿವರಣೆ ಬೇಡ.

ಒಂದು ಸಣ್ಣ ಲೆಕ್ಕ ನೋಡಿ. 5 ಎಚ್‌ಪಿ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಎರಡು ಸುತ್ತಿಗೊಂದು ಸಲ ಎಣ್ಣೆ. ಅಂದರೆ ಗಂಟೆಗೆ 45,000 ಸಲ. ಅಷ್ಟು ಹೊತ್ತಿಗೆ ಖರ್ಚಾಗುವುದು ಲೀಟರಿನ ಆಸುಪಾಸು. ಹಂಚಿದರೆ ಒಂದೊಂದು ಸಲಕ್ಕೆ ಅರ್ಧ ತೊಟ್ಟೂ ಬರುವುದಿಲ್ಲ! ಆ ಅರ್ಧ ತೊಟ್ಟನ್ನು ಚದರ ಸೆಂಟಿಮೀಟರಿಗೆ ಇನ್ನೂರು ಕಿಲೋದಷ್ಟು ಒತ್ತಡದಲ್ಲಿ ನಾಜಲ್‌ನ ಸೂಜಿ ಎತ್ತಿ ಮಂಜು ಮಾಡಿ ಊದಬೇಕು.

ಅಳತೆ ಮಾಡುವುದು ಇಂಜೆಕ್ಷನ್ ಪಂಪಿನೊಳಗಿನ ಪ್ಲಂಜರ್. ಅದಕ್ಕೂ ಬ್ಯಾರೆಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಸವೆದರೆ ಜೋಡಿಯನ್ನೇ ಬದಲಾಯಿಸಬೇಕು. ‘ಎಲಿಮೆಂಟ್ ಹೋಗೈತೆ’ ಎಂದು ಮೆಕ್ಯಾನಿಕ್ ಹೇಳಿದಾಗ ರೈತ ಅಟ್ಟದ ಕೊಬ್ಬರಿಯ ಕಡೆ ನೋಡುವುದು ಇದಕ್ಕೇ. ಪ್ಲಂಜರ್ ಪ್ರತಿ ಸಲವೂ ಅಷ್ಟೇ ಎತ್ತರ ಏರುತ್ತದೆ. ಆದರೆ ಅದರ ಮೈಮೇಲೆ ಓರೆಯಾಗಿ ಒಂದು ಕೊರಕಲಿದೆ. ಆ ಕೊರಕಲು ಬ್ಯಾರೆಲ್ಲಿನ ತೂತಿಗೆ ಎದುರಾದ ಕೂಡಲೇ ಒತ್ತಡ ಇಳಿದು, ಮಿಕ್ಕ ಎಣ್ಣೆ ವಾಪಸಾಗುತ್ತದೆ. ರ‍್ಯಾಕ್ ಎಂಬ ಹಲ್ಲಿನ ಸರಳು ಪ್ಲಂಜರನ್ನು ತುಸು ತಿರುಗಿಸಿದರೆ ಆ ಭೇಟಿ ಬೇಗವೋ ತಡವೋ ಆಗುತ್ತದೆ. ಮದುವೆಯ ಪಂಕ್ತಿಯಲ್ಲಿ ತುಪ್ಪ ಬಡಿಸುವ ಪಳಗಿದವರ ಮಿಳ್ಳೆಯೂ ಎಲ್ಲರ ಎಲೆಯ ಮೇಲೂ ಒಂದೇ ರೀತಿ ಬಾಗುತ್ತದೆ. ಗಂಡಿನ ಕಡೆಯವರಿಗೆಷ್ಟು, ಕರೆಯದೆ ಬಂದವರಿಗೆಷ್ಟು ಎನ್ನುವುದೆಲ್ಲ ಮಣಿಕಟ್ಟಿನ ತಿರುವಿನಲ್ಲಿರುತ್ತದೆ.

ರ‍್ಯಾಕನ್ನು ಎಳೆದಾಡುವುದು ಗವರ್ನರ್. ತಿರುಗುವ ಎರಡು ಗುಂಡುಗಳು, ಅವನ್ನು ತಡೆಯುವ ಒಂದು ಸ್ಪ್ರಿಂಗು, ಅಷ್ಟೇ ಸಂಸಾರ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಎಣ್ಣೆ ಕಡಿಮೆ ಮಾಡುತ್ತವೆ. ಇಳಿದರೆ ಸ್ಪ್ರಿಂಗಿನ ಕೈ ಮೇಲಾಗಿ ಎಣ್ಣೆ ಹೆಚ್ಚುತ್ತದೆ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿ ಎಂಜಿನ್ನಿಗೆ ಕೂರಿಸಿದ್ದೂ ಇದೇ ಉಪಾಯವನ್ನು. ಗವರ್ನರಿನ ಈ ಕೆಲಸವನ್ನು ಕಿವಿಯಾರೆ ಕೇಳಬೇಕೆಂದರೆ ಡೀಸೆಲ್ ಎಂಜಿನ್ನಿನ ಹಿಟ್ಟಿನ ಮಿಲ್ಲಿಗೆ ಹೋಗಬೇಕು. “ಅಜ್ಜೀ, ಒಂದೇ ಸಲ ಸುರೀಬ್ಯಾಡ” ಎಂದು ಮಿಲ್ಲಿನವರು ಕೂಗುವಷ್ಟರಲ್ಲಿ ಅಜ್ಜಿ ರಾಗಿಯನ್ನೆಲ್ಲ ಸುರಿದಿರುತ್ತಾಳೆ. ಎಂಜಿನ್ ಒಮ್ಮೆ ಮುಲುಗಿ, ಕರಿ ಹೊಗೆ ಉಗುಳಿ, ಮತ್ತೆ ಲಯಕ್ಕೆ ಬರುತ್ತದೆ. ಗವರ್ನರಿಗೆ ರಾಗಿಯೂ ಗೊತ್ತಿಲ್ಲ, ಅಜ್ಜಿಯೂ ಗೊತ್ತಿಲ್ಲ; ಗೊತ್ತಿರುವುದು ವೇಗ ಒಂದೇ. ಅದಕ್ಕೇ ವೇಗ ತುಸು ಕುಸಿಯದೆ ಅದು ಅಲುಗುವುದಿಲ್ಲ. ಹೊರೆ ಇರುವ ತನಕ ಆ ತುಸು ಕೊರತೆ ಉಳಿದೇ ಇರುತ್ತದೆ.

ಆ ಕೊರತೆಯನ್ನೂ ಸಹಿಸೆನು ಎಂದು ಗವರ್ನರನ್ನು ತೀರ ಚುರುಕು ಮಾಡಿದರೆ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಉಯ್ಯಾಲೆಯಾಡತೊಡಗುತ್ತದೆ. ಮೆಕ್ಯಾನಿಕ್‌ಗಳು ‘ಹಂಟಿಂಗ್’ ಎನ್ನುತ್ತಾರೆ. ಗವರ್ನರುಗಳ ಈ ಚಂಚಲತೆಯ ಮೇಲೆ ಮ್ಯಾಕ್ಸ್‌ವೆಲ್‌ನಂಥ ಮಹಾ ವಿಜ್ಞಾನಿ 1868ರಲ್ಲಿ ಗಣಿತ ತುಂಬಿದ ಪ್ರಬಂಧವನ್ನೇ ಬರೆದ. ನಮ್ಮ ಮಿಲ್ಲಿನ ಎಂಜಿನ್ನಿಗೆ ಒಮ್ಮೆ ಆ ಕಾಯಿಲೆ ಬಂದಾಗ ಮೆಕ್ಯಾನಿಕ್ ಬೀಡಿ ಆರಿಸದೆಯೇ ಒಂದು ಗಳಿಗೆ ಕಿವಿಗೊಟ್ಟ. “ಏನಿಲ್ಲ ಬಿಡಿ ಅಣ್ಣ, ರ‍್ಯಾಕ್ ಜಿಡ್ಡು ಹಿಡ್ದೈತೆ. ಗವರ್ನರ್ ಹೇಳಿದ್ದು ಕೇಳೋಕೂ ತಡ, ಕೇಳಿದ್ಮೇಲೆ ನಿಲ್ಲೋಕೂ ತಡ. ತೊಳೆದ್ರೆ ಸರಿಹೋಗ್ತೈತೆ” ಎಂದ.

ಹಾಗೇ ಆಯಿತು. ತೊಳೆಯಲು ಅವನು ಕಾಲು ಲೀಟರ್ ಡೀಸೆಲ್ ನೆಲಕ್ಕೆ ಚೆಲ್ಲಿದ. ಎಂಜಿನ್ನಿನ ಕೈಗೆ ಕೊಟ್ಟಿದ್ದರೆ ಅದು ಅಷ್ಟರಲ್ಲಿ ಹನ್ನೊಂದು ಸಾವಿರ ಸಲ ಸಿಡಿಯುತ್ತಿತ್ತು. ಮಿಲ್ಲಿನವರು ಆ ಲೆಕ್ಕ ಹಾಕುವ ಗೋಜಿಗೆ ಹೋಗದೆ ಅವನಿಗೊಂದು ಕಾಫಿ ತರಿಸಿದರು.